ಉಳಿದ 80 ಯಾರ ತಲೆಗೆ?

ಐವತ್ತು ದಾಟಿದ ಗಂಡಸರಿಗೆ ಎರಡು ಕಾಯಿಲೆ ಬರುತ್ತವೆ. ಒಂದು ಸಕ್ಕರೆ. ಇನ್ನೊಂದು, "ಬದುಕಿನಲ್ಲಿ ಮುಖ್ಯವಾದದ್ದು ಯಾವುದು" ಅನ್ನೋ ಯೋಚನೆ. ಮೊದಲನೆಯದಕ್ಕೆ ಮಾತ್ರೆ ಇದೆ. ನಮ್ಮ ರಾಘುಗೆ ಬಂದದ್ದು ಎರಡನೆಯದು.

ಕುಕ್ಕರಹಳ್ಳಿ ಕೆರೆ ಸುತ್ತಿ ಬಂದು ಕಾಫಿಗೆ ಕೂತಿದ್ದೆವು. ರಾಘು ಚೀಲದಿಂದ ಹೊಸ ಡೈರಿ ತೆಗೆದ. ಒಳಗೆ ಸ್ಕೇಲಿಟ್ಟು ಗೆರೆ ಎಳೆದ ನಾಲ್ಕು ಚೌಕ.

"ಇನ್ನು ಮೇಲೆ ಮುಖ್ಯವಾದದ್ದು ಬಿಟ್ಟು ಬೇರೇನೂ ಮಾಡೋದಿಲ್ಲ" ಎಂದ. "ಇದು ಐಸೆನ್‌ಹೋವರ್ ಪದ್ಧತಿ. ಮುಖ್ಯವೂ ತುರ್ತೂ ಆದದ್ದನ್ನು ಈಗಲೇ ಮಾಡು. ಮುಖ್ಯ, ಆದರೆ ತುರ್ತಲ್ಲ ಅಂದರೆ ಅದಕ್ಕೊಂದು ಹೊತ್ತು ಗೊತ್ತು ಮಾಡು. ತುರ್ತು, ಆದರೆ ಮುಖ್ಯವಲ್ಲ ಅಂದರೆ ಬೇರೆಯವರಿಗೆ ವಹಿಸು. ಎರಡೂ ಅಲ್ಲದಿದ್ದರೆ ಬಿಟ್ಟುಬಿಡು."

ಆಫೀಸಿನಲ್ಲಿ ಟ್ರೇನಿಂಗ್ ಆಗಿತ್ತಂತೆ. ಇಂಥ ಟ್ರೇನಿಂಗ್‌ಗಳಲ್ಲಿ ಊಟ ಚೆನ್ನಾಗಿ ಹಾಕಿಸುತ್ತಾರೆ. ಆ ಋಣಕ್ಕಾದರೂ ಒಂದು ವಾರ ನಂಬಬೇಕಾಗುತ್ತದೆ.

"ಐಸೆನ್‌ಹೋವರ್ ಅಂದರೆ ಅಮೆರಿಕದ ಅಧ್ಯಕ್ಷ ಆಗಿದ್ದನಲ್ಲ, ಅವನಾ?" ಎಂದ ಸೀನ.

"ಅವನೇ. ನಾರ್ಮಂಡಿಗೆ ಸೈನ್ಯ ಇಳಿಸಿದವನು. 1953ರಿಂದ 1961ರವರೆಗೆ ಅಧ್ಯಕ್ಷ."

"1954ರಲ್ಲಿ ಶ್ವೇತಭವನದ ಹುಲ್ಲಿನ ಮೇಲೆ ಗಾಲ್ಫ್ ಆಡೋಕೆ ಜಾಗ ಮಾಡಿಸಿಕೊಂಡವನೂ ಅವನೇ" ಎಂದಳು ಗಿರಿಜಾ. "ಗಾಲ್ಫ್ ಯಾವ ಚೌಕದಲ್ಲಿತ್ತು ಅಂತ ಟ್ರೇನಿಂಗಲ್ಲಿ ಹೇಳಿದರೇನೋ?"

ಗಿರಿಜಾ ಬ್ಯಾಂಕಿನಿಂದ ರಿಟೈರಾದವಳು. ಟ್ರೇನಿಂಗ್‌ಗಳಲ್ಲಿ ಅವಳು ಕೂತಷ್ಟು ಹೊತ್ತು ನಾವು ಶಾಲೆಯಲ್ಲೂ ಕೂತವರಲ್ಲ. ತುರ್ತಿನದು ಮುಖ್ಯವಲ್ಲ, ಮುಖ್ಯವಾದದ್ದು ತುರ್ತಲ್ಲ ಅಂತ ಐಸೆನ್‌ಹೋವರ್ ಅದೇ ವರ್ಷ ಒಂದು ಭಾಷಣದಲ್ಲಿ ಹೇಳಿದ್ದು ನಿಜವಂತೆ. ಅದೂ ಸ್ವಂತ ಮಾತಲ್ಲ, ಯಾವುದೋ ಕಾಲೇಜಿನ ಮಾಜಿ ಮುಖ್ಯಸ್ಥರು ಹೇಳಿದ್ದು ಅಂತ ಅವನೇ ಒಪ್ಪಿಕೊಂಡಿದ್ದ. ಈ ಚೌಕಗಳನ್ನೆಲ್ಲ ಎಳೆದವರು ಆಮೇಲೆ ಬಂದ ಮ್ಯಾನೇಜ್‌ಮೆಂಟ್ ಗುರುಗಳು.

ಸೀನನಿಗೆ ಮಾತ್ರ ಎರಡನೇ ಚೌಕ ತುಂಬಾ ಹಿಡಿಸಿತು. ಅವನು ಎಲ್‌ಐಸಿ ಏಜೆಂಟ್. "ನನ್ನ ಇಡೀ ಜೀವನ ಈ ಚೌಕದಲ್ಲೇ ಇದೆ ಕಣೋ! ಪಾಲಿಸಿ ಮುಖ್ಯ, ಆದರೆ ಯಾರಿಗೂ ತುರ್ತಲ್ಲ. ಅದಕ್ಕೇ ಒಬ್ಬರೂ ನನ್ನ ಫೋನ್ ಎತ್ತೋದಿಲ್ಲ. ತುರ್ತಾಯಿತು ಅಂತ ಅವರೇ ಓಡಿ ಬರೋ ದಿನ ಪಾಲಿಸಿ ಕೊಡೋಕೆ ಬರೋದಿಲ್ಲ. ಮಾರ್ಚ್ ಕೊನೇ ವಾರ ಮಾತ್ರ ತೆರಿಗೆ ಉಳಿಸೋಕೆ ಅಂತ ನಾನು ಎಲ್ಲರಿಗೂ ನೆನಪಾಗುತ್ತೇನೆ."

ಇಡೀ ಬೆಳಗ್ಗೆ ಬಂದ ಮಾತಿನಲ್ಲಿ ತೂಕ ಇದ್ದದ್ದು ಇದೇ ಅನ್ನಿಸಿತು ನನಗೆ. ರಾಘು ಅದನ್ನು ಬರೆದುಕೊಳ್ಳಲಿಲ್ಲ. ಪುಟ ತಿರುಗಿಸಿದ.

"ಇದು 80-20. ಪರೇಟೊ ಅಂತ ಇಟಲಿಯವನು ಕಂಡುಹಿಡಿದದ್ದು. ನಾವು ಮಾಡೋ ಕೆಲಸದಲ್ಲಿ 20 ಪಾಲಿನಿಂದಲೇ 80 ಪಾಲು ಫಲ ಬರುತ್ತೆ. ಆ 20 ಹಿಡಿದುಕೋ, ಮಿಕ್ಕ 80 ಬಿಡು."

"ಪರೇಟೊ ಲೆಕ್ಕ ಹಾಕಿದ್ದು ಆಸ್ತಿ, ಆದಾಯ ಹೇಗೆ ಹಂಚಿಹೋಗಿದೆ ಅಂತ" ಎಂದಳು ಗಿರಿಜಾ. "ಅದನ್ನು ಎಲ್ಲ ಕೆಲಸಕ್ಕೂ ಹಚ್ಚಿ, ಪರೇಟೊ ಹೆಸರು ಕಟ್ಟಿದವನು ಜುರಾನ್ ಅಂತ, ಫ್ಯಾಕ್ಟರಿ ಮಾಲಿನ ಗುಣಮಟ್ಟ ನೋಡುತ್ತಿದ್ದ ಅಮೆರಿಕದ ಎಂಜಿನಿಯರ್. ಹಾಗೆ ಹೆಸರು ಕಟ್ಟಿದ್ದು ತನ್ನದೇ ತಪ್ಪು ಅಂತ 1975ರಲ್ಲಿ ಬರೆದ. ಇನ್ನೊಂದು ವಿಷಯ ಹೇಳಲಾ? ಮಿಕ್ಕ 80 ಕೆಲಸಕ್ಕೆ ಬಾರದ್ದು ಅಂತಲೇ ಅವನೂ ಶುರುವಿನಲ್ಲಿ ಹೇಳುತ್ತಿದ್ದ. ವಯಸ್ಸಾಗುತ್ತಾ, ಅದೂ ಉಪಯೋಗದ್ದೇ ಅಂತ ಮಾತು ತಿದ್ದಿಕೊಂಡ. 103 ವರ್ಷ ಬದುಕಿದ್ದ. ತಿದ್ದಿಕೊಳ್ಳೋಕೆ ಟೈಮಿತ್ತು. ನಿನಗೆ ಅಷ್ಟಿಲ್ಲ. ಕೊಡು ಇಲ್ಲಿ ಡೈರಿ."

ಕಿತ್ತುಕೊಂಡು ಗಟ್ಟಿಯಾಗಿ ಓದಿದಳು. ಮುಖ್ಯವಾದದ್ದು: ಆರೋಗ್ಯ, ಕೊಳಲು ಕಲಿಯುವುದು, ಅಮ್ಮನ ಜೊತೆ ಕ್ವಾಲಿಟಿ ಟೈಮ್. ಬೇರೆಯವರಿಗೆ ವಹಿಸುವುದು: ಗ್ಯಾಸ್ ಬುಕಿಂಗ್, ಕರೆಂಟ್ ಬಿಲ್, ಹಿಟ್ಟಿನ ಗಿರಣಿ, ನೆಂಟರ ಮನೆ ಗೃಹಪ್ರವೇಶ, ಅಮ್ಮನ ಬಿಪಿ ಮಾತ್ರೆ, ಅಮ್ಮನ ಕನ್ನಡಕ ರಿಪೇರಿ.

ಸೀನ ಕಾಫಿ ಲೋಟ ಕೆಳಗಿಟ್ಟ.

"ಅಮ್ಮ ಮುಖ್ಯದ ಚೌಕದಲ್ಲಿ, ಅಮ್ಮನ ಮಾತ್ರೆ ವಹಿಸೋ ಚೌಕದಲ್ಲಾ?" ಎಂದಳು ಗಿರಿಜಾ. "ಕನ್ನಡಕ ಇಲ್ಲದ ಅಮ್ಮನ ಜೊತೆ ಕೂತು ಕೊಳಲು ಊದುತ್ತೀಯಾ?"

"ಅದು ಹಾಗಲ್ಲ..."

"ಬೇರೆಯವರು ಅಂದರೆ ಯಾರೋ ಅದು?"

ರಾಘು ಸುಮ್ಮನಾದ. ಬೇರೆಯವರು ಅಂದರೆ ಅವನ ಹೆಂಡತಿ ಸುಧಾ ಅಂತ ನಮಗೆಲ್ಲ ಗೊತ್ತಿತ್ತು.

"ಸರ್ಕಾರವೇ ಲೆಕ್ಕ ಹಾಕಿದೆ" ಎಂದು ಗಿರಿಜಾ ಮುಂದುವರಿಸಿದಳು. "2024ರ ಸಮಯ ಬಳಕೆ ಸಮೀಕ್ಷೆ. ಸಂಬಳ ಇಲ್ಲದ ಮನೆಗೆಲಸ ಮಾಡೋ ಹೆಂಗಸರು ದಿನಕ್ಕೆ 289 ನಿಮಿಷ ಅದಕ್ಕೆ ಕೊಡುತ್ತಾರೆ. ಮಾಡೋ ಗಂಡಸರು 88 ನಿಮಿಷ."

"88?" ಸೀನ ಬೆಚ್ಚಿಬಿದ್ದ. "ಅಷ್ಟೊಂದು ಯಾರು ಮಾಡುತ್ತಾರೆ?"

ಸ್ವಲ್ಪ ಹೊತ್ತು ಯಾರೂ ಉತ್ತರ ಕೊಡಲಿಲ್ಲ. ರಾಘುವಿನ ಮರ್ಯಾದೆ ಉಳಿಸಲು ಕೊನೆಗೆ ನಾನೇ ಬಾಯಿ ಹಾಕಿದೆ. "ಒಂದೇ ಗುರಿ ಹಿಡಿದು ಗೆದ್ದವರು ಇಲ್ವಾ? ದಕ್ಷಿಣ ಕನ್ನಡದ ಅಮೈ ಮಹಾಲಿಂಗ ನಾಯ್ಕರನ್ನು ನೋಡಿ. ಗುಡ್ಡದ ಇಳಿಜಾರಿನಲ್ಲಿ ಎರಡು ಎಕರೆ ಬೋಳು ಜಾಗ, ಹನಿ ನೀರಿಲ್ಲ. ಒಬ್ಬರೇ ಗುಡ್ಡದೊಳಗೆ ಅಡ್ಡಡ್ಡ ಸುರಂಗ ಕೊರೆದು ನೀರು ತಂದು ತೋಟ ಮಾಡಿದರು. 2022ರಲ್ಲಿ ಪದ್ಮಶ್ರೀ ಬಂತು."

"ನೋಡಿ! ಇದಕ್ಕೇ ಫೋಕಸ್ ಅನ್ನೋದು" ಎಂದು ರಾಘು ಚೇತರಿಸಿಕೊಂಡ.

"ಎಷ್ಟನೇ ಸುರಂಗದಲ್ಲಿ ನೀರು ಬಂತು, ಅದನ್ನೂ ಹೇಳು" ಎಂದಳು ಗಿರಿಜಾ ನನ್ನ ಕಡೆ ತಿರುಗಿ.

"ಆರನೆಯದರಲ್ಲಿ."

"ಮೊದಲ ಐದರಲ್ಲಿ?"

"ಬರೀ ಮಣ್ಣು."

"ಇವನ ಡೈರಿ ಅವರ ಕೈಗೆ ಸಿಕ್ಕಿದ್ದರೆ ಎರಡನೇ ಸುರಂಗಕ್ಕೇ ಕೆಂಪು ಗೆರೆ ಬೀಳುತ್ತಿತ್ತು, ಅಲ್ವಾ? ಯಾವುದು 20, ಯಾವುದು 80 ಅಂತ ನೀರು ಬಂದ ಮೇಲೆ ತಾನೇ ಗೊತ್ತಾಗೋದು? ಅಡಿಕೆ ಮರ, ತೆಂಗಿನ ಮರ ಹತ್ತೋ ಕೂಲಿಯನ್ನು ಅವರು ಯಾರಿಗೂ ವಹಿಸಲಿಲ್ಲ. ಅದನ್ನೂ ಮಾಡುತ್ತಲೇ ಗುಡ್ಡ ಕೊರೆದರು."

ಉಳಿಸಲು ಹೋದವನು ನಾನು. ರಾಘು ನನ್ನನ್ನು ನೋಡಿದ ನೋಟ ಬೇಡ ಬಿಡಿ.

ಇಷ್ಟರಲ್ಲಿ ಬಿಲ್ ಬಂತು. ಸೀನ ತಕ್ಷಣ ಕುರ್ಚಿಗೆ ಒರಗಿ, "ಏನೇ ಹೇಳಿ, ಬದುಕಿನಲ್ಲಿ ಸ್ನೇಹಕ್ಕಿಂತ ಮುಖ್ಯವಾದದ್ದು ಇಲ್ಲ" ಎಂದ.

"ಆ ಮಾತು ಹೇಳಿ ಹೋದ ವಾರವೂ ದುಡ್ಡು ಕೊಡಲಿಲ್ಲ ನೀನು" ಎಂದು ಗಿರಿಜಾ ತಟ್ಟೆಯನ್ನು ಅವನ ಕಡೆ ತಳ್ಳಿದಳು.

ರಾಘು ಪೆನ್ನು ತೆಗೆದು ಮಾತ್ರೆ, ಕನ್ನಡಕ ಎರಡನ್ನೂ ಮುಖ್ಯದ ಚೌಕಕ್ಕೆ ತಂದ. ಅಷ್ಟು ಒಳ್ಳೆಯ ಮನಸ್ಸಿದೆ ಅವನಿಗೆ. "ಹೋಗುವಾಗ ತಗೊಂಡೇ ಹೋಗುತ್ತೇನೆ."

"ಮಾತ್ರೆ ಹೆಸರೇನು?" ಎಂದಳು ಗಿರಿಜಾ.

ಅವನು ಮನೆಗೆ ಫೋನ್ ಮಾಡಬೇಕಾಯಿತು. ಸ್ಪೀಕರಿನಲ್ಲಿ ಸುಧಾ ದನಿ ನಮಗೂ ಕೇಳಿಸಿತು. ಹಿಂದೆ ಕುಕ್ಕರ್ ಕೂಗುತ್ತಿತ್ತು. "ಮಾತ್ರೆ ನಿನ್ನೆಯೇ ತಂದಾಯಿತಲ್ಲ. ಕನ್ನಡಕವೂ ಆಯಿತು. ಏನ್ರೀ ಇವತ್ತು ವಿಶೇಷ? ಸರಿ, ಫೋನ್ ಮಾಡಿದ್ದೇ ಒಳ್ಳೇದಾಯಿತು. ಕರಿಬೇವು ಮುಗಿದಿದೆ, ಒಗ್ಗರಣೆಗೆ ಇಡಬೇಕು, ಬೇಗ ತನ್ನಿ."

"ತುರ್ತು" ಎನ್ನುತ್ತಾ ರಾಘು ಎದ್ದ.

"ಮುಖ್ಯವೂ ಹೌದು" ಎಂದ ಸೀನ. "ಕರಿಬೇವಿಲ್ಲದ್ದು ಒಂದು ಒಗ್ಗರಣೆಯಾ?"

"ಕೊತ್ತಂಬರಿ ಸೊಪ್ಪೂ ತಗೊಳ್ಳೋ" ಎಂದು ಗಿರಿಜಾ ಹಿಂದಿನಿಂದ ಕೂಗಿದಳು. "ಅವಳು ಹೇಳೋಕೆ ಮರೆತಿರುತ್ತಾಳೆ!"