ಹೊಟ್ಟೆಯಿಂದ ಆಹಾರ ಇಳಿಯದಾಗ ಸ್ಟೆಂಟ್: ಪ್ರಶ್ನೋತ್ತರ

ಪ್ರಶ್ನೆ (ಕಾಪು): ನಮಸ್ಕಾರ ಡಾಕ್ಟ್ರೇ. ಅಪ್ಪನಿಗೆ 68. ಮೇದೋಜೀರಕ ಗ್ರಂಥಿಯ ತಲೆಭಾಗದ ಕ್ಯಾನ್ಸರ್, ಲಿವರಿಗೂ ಹರಡಿದೆ. ಹತ್ತು ದಿನದಿಂದ ವಾಂತಿ. ನಿನ್ನೆ ರಾತ್ರಿ ಉಂಡ ಗಂಜಿ ಇವತ್ತು ಮಧ್ಯಾಹ್ನ ಹಾಗೇ ಹೊರಗೆ ಬರ್ತದೆ. ಸ್ಟೆಂಟ್ ಹಾಕುವ ಅಂದಿದ್ದಾರೆ. ಹೃದಯಕ್ಕೆ ಹಾಕುವಂಥದ್ದೇನಾ? ಮತ್ತೆ ಊಟ ಮಾಡಬಹುದಾ?

ಉತ್ತರ (ಗ್ಯಾಸ್ಟ್ರೋ ವೈದ್ಯರು): ಹೃದಯದ್ದಕ್ಕಿಂತ ಇದು ತುಂಬ ದೊಡ್ಡದು. ನಿಟಿನಾಲ್ ಎಂಬ ಲೋಹದ ತಂತಿಯಲ್ಲಿ ಹೆಣೆದ ಜಾಲರಿ ಕೊಳವೆ. ಬಿಚ್ಚಿಕೊಂಡರೆ 20ರಿಂದ 22 ಮಿ.ಮೀ. ಅಗಲ, 6ರಿಂದ 12 ಸೆಂ.ಮೀ. ಉದ್ದ. ಗಡ್ಡೆ ಒತ್ತಿ ಮುಚ್ಚಿದ ಡುವೋಡಿನಮ್ಮನ್ನು (ಹೊಟ್ಟೆಯ ನಂತರ ಬರುವ ಸಣ್ಣಕರುಳಿನ ಮೊದಲ ಭಾಗ) ಒಳಗಿನಿಂದ ಅಗಲಿಸಿ ಹಿಡಿಯುತ್ತದೆ, ಅಷ್ಟೇ. ಕ್ಯಾನ್ಸರಿಗೆ ಇದು ಚಿಕಿತ್ಸೆ ಅಲ್ಲ.

ಅವಸರ ಮಾಡಬೇಡಿ, ಮೊದಲು ತಯಾರಿ ಆಗಬೇಕು. ಮೂಗಿನಿಂದ ರೈಲ್ಸ್ ಟ್ಯೂಬ್ ಹಾಕಿ ಹೊಟ್ಟೆ ಖಾಲಿ ಮಾಡದಿದ್ದರೆ, ಮಂಪರಿನ ಮದ್ದು ಕೊಟ್ಟಾಗ ಹಳೆಯ ಗಂಜಿ ಶ್ವಾಸಕೋಶಕ್ಕೆ ಇಳಿಯಬಹುದು. ವಾಂತಿಯಲ್ಲಿ ಆಮ್ಲ, ಪೊಟ್ಯಾಸಿಯಂ ಎರಡೂ ಹೋಗಿರುತ್ತವೆ. ರಕ್ತ ಪರೀಕ್ಷೆ ನೋಡಿ ಸಲೈನ್, ಪೊಟ್ಯಾಸಿಯಂ ಕೊಟ್ಟು ಸರಿಪಡಿಸಬೇಕು. ಹತ್ತು ದಿನ ಹೊಟ್ಟೆಯಲ್ಲಿ ಏನೂ ನಿಲ್ಲದವರಿಗೆ ಗ್ಲೂಕೋಸ್ ಡ್ರಿಪ್ಪಿಗೆ ಮುಂಚೆ ವಿಟಮಿನ್ ಬಿ1 ಹೋಗಬೇಕು, ಇಲ್ಲವಾದರೆ ಮೆದುಳಿಗೆ ತೊಂದರೆ ಆಗುವ ಅಪಾಯ ಉಂಟು. ಸಿಟಿ ಸ್ಕ್ಯಾನಿನಲ್ಲಿ ಕೆಳಗಿನ ಕರುಳಲ್ಲಿ ಇನ್ನೊಂದು ತಡೆ ಇಲ್ಲ ಎಂದು ಖಚಿತವಾಗಬೇಕು. ಇದ್ದರೆ ಮೇಲಿನ ಸ್ಟೆಂಟಿನಿಂದ ಪ್ರಯೋಜನ ಇಲ್ಲ.

ಹಾಕುವುದು ಬಾಯಿಂದ, ಎಂಡೋಸ್ಕೋಪಿನಲ್ಲಿ, ಎಕ್ಸ್‌ರೇ ನೋಡಿಕೊಂಡು. ಕಿರಿದಾದ ಜಾಗ ದಾಟಿಸಿ 0.035 ಇಂಚಿನ ಗೈಡ್‌ವೈರ್ (ಸ್ಟೆಂಟಿಗೆ ದಾರಿಯಾಗುವ ತಂತಿ) ಹೋಗುತ್ತದೆ. ಬಣ್ಣದ ಮದ್ದು ಬಿಟ್ಟು ತಡೆಯ ಉದ್ದ ಅಳೆಯುತ್ತೇವೆ. ಎರಡೂ ಕಡೆ ಸುಮಾರು 2 ಸೆಂ.ಮೀ. ಹೆಚ್ಚಿರುವ ಸ್ಟೆಂಟ್ ಆರಿಸುತ್ತೇವೆ. ಮಡಚಿದ ಸ್ಟೆಂಟ್ ಮೂರು ಮಿ.ಮೀ.ಗಿಂತ ತುಸು ದಪ್ಪದ ಕವಚದೊಳಗೆ ತಂತಿಯ ಮೇಲೆ ಸರಿಯುತ್ತದೆ. ಕವಚ ಹಿಂದಕ್ಕೆ ಎಳೆದಂತೆ ದೂರದ ತುದಿ ಮೊದಲು ಬಿಚ್ಚಿಕೊಳ್ಳುತ್ತದೆ. ಪೂರ್ತಿ ಅರಳಲು ಒಂದರಿಂದ ಮೂರು ದಿನ ಬೇಕು. ಬಲೂನು ಹಾಕಿ ಬೇಗ ಹಿಗ್ಗಿಸಲು ಹೋದರೆ ಗಡ್ಡೆ ಇರುವಲ್ಲಿ ತೂತಾಗಬಹುದು.

ಅಪ್ಪನಿಗೆ ಕಾಮಾಲೆ ಉಂಟಾ? ಇದ್ದರೆ ಪಿತ್ತನಾಳದ ಸ್ಟೆಂಟ್ ಮೊದಲು. ಡುವೋಡಿನಮ್ಮಿನ ಜಾಲರಿ ಪಿತ್ತನಾಳದ ಬಾಯಿಯ ಮೇಲೆ ಕೂತುಬಿಟ್ಟರೆ ಆಮೇಲೆ ಅಲ್ಲಿಗೆ ತಲುಪುವುದು ತುಂಬಾ ಕಷ್ಟ.

ಪ್ರಶ್ನೆ (ಸುರತ್ಕಲ್): ಬೈಪಾಸ್ ಆಪರೇಷನ್ ಒಳ್ಳೆಯದು ಅಂತ ಒಬ್ಬರು ಹೇಳ್ತಾರೆ. ಯಾವುದು ಸರಿ?

ಉತ್ತರ (ಗ್ಯಾಸ್ಟ್ರೋ ವೈದ್ಯರು): ಎಷ್ಟು ಸಮಯ ಉಳಿದಿದೆ, ದೇಹ ಎಷ್ಟು ತಡೆಯುತ್ತದೆ, ಅದರ ಮೇಲೆ. ಸ್ಟೆಂಟಿನಲ್ಲಿ ಊಟ ಬೇಗ ಶುರು, ಆಸ್ಪತ್ರೆ ವಾಸ ಕಡಿಮೆ. ಆದರೆ ತಿಂಗಳುಗಳಲ್ಲಿ ಮತ್ತೆ ಕಟ್ಟಿಕೊಳ್ಳಬಹುದು. ಹೊಟ್ಟೆಯನ್ನು ಸಣ್ಣಕರುಳಿಗೆ ಜೋಡಿಸುವ ಬೈಪಾಸ್ ನಿಧಾನ, ಆದರೆ ಹೆಚ್ಚು ಕಾಲ ಬಾಳುತ್ತದೆ. 2010ರಲ್ಲಿ ಪ್ರಕಟವಾದ ನೆದರ್ಲೆಂಡ್ಸ್‌ನ ಸಸ್ಟೆಂಟ್ ಅಧ್ಯಯನ ಎರಡು ತಿಂಗಳಿಗಿಂತ ಹೆಚ್ಚು ಬದುಕುವ ನಿರೀಕ್ಷೆ ಇರುವವರಿಗೆ ಬೈಪಾಸ್ ಎಂದಿತು. ರೋಗಿಗಳು 39 ಮಂದಿ ಮಾತ್ರ, ಹಾಗಾಗಿ ಅದನ್ನು ಗೆರೆ ಎಳೆದ ಹಾಗೆ ಹಿಡಿಯಬಾರದು. ಲಿವರಿಗೆ ಹರಡಿ ಸೊರಗಿದವರಿಗೆ ನನ್ನ ಒಲವು ಸ್ಟೆಂಟಿನ ಕಡೆಗೆ.

ಪ್ರಶ್ನೆ (ಕಾಪು): ಕಾಮಾಲೆ ಇಲ್ಲ. ಹಾಕಿದ ಮೇಲೆ ಎಂತ ಕೊಡಬಹುದು? ಅಪ್ಪನಿಗೆ ಕುಚ್ಚಲಕ್ಕಿ ಗಂಜಿ, ಮೀನು ಬಿಟ್ಟರೆ ಬೇರೆ ಸೇರುವುದಿಲ್ಲ.

ಉತ್ತರ (ಡಯಟೀಷಿಯನ್): ವೈದ್ಯರು ಒಪ್ಪಿದ ಮೇಲೆ ಮೊದಲು ನೀರು, ಗಂಜಿ ತಿಳಿ, ಸೀಯಾಳ. ಕಿಡ್ನಿ ತೊಂದರೆ ಇದ್ದರೆ ಸೀಯಾಳ ವೈದ್ಯರನ್ನು ಕೇಳಿಯೇ ಕೊಡಿ, ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ. ಅದು ನಿಂತರೆ ತೆಳು ರಾಗಿ ಮಣ್ಣಿ, ಮೊಸರು, ಮಿಕ್ಸಿಯಲ್ಲಿ ಅರೆದ ಗಂಜಿ, ಸಾರಿನಲ್ಲಿ ಕರಗಿಸಿದ ಇಡ್ಲಿ. ಕುಚ್ಚಲಕ್ಕಿ ಅಗುಳು ಇಡಿಯಾಗಿ ಬೇಡ, ಅರೆದು ಕೊಡಿ. ಕಾಣೆ ಮೀನು ಬೇಯಿಸಿ ಮುಳ್ಳು ತೆಗೆದು ಹಿಸುಕಿದರೆ ಸರಿ. ಬೂತಾಯಿ ಬೇಡ, ಸಣ್ಣ ಮುಳ್ಳು ಜಾಸ್ತಿ. ಬಸಳೆ ದಂಟು, ನುಗ್ಗೆ, ಗುಜ್ಜೆ, ಕಿತ್ತಳೆ ತೊಳೆ, ತೆಂಗಿನ ತುರಿ ಪೂರ್ತಿ ಬಿಡಿ. ಇವುಗಳ ನಾರು ಜಾಲರಿಗೆ ಸಿಕ್ಕಿಕೊಂಡು ಹಿಂದಿನಿಂದ ಬಂದದ್ದನ್ನೆಲ್ಲ ತಡೆದು ನಿಲ್ಲಿಸುತ್ತದೆ. ಪದಾರ್ಥಕ್ಕೆ ತೆಂಗಿನಕಾಯಿ ಬೇಕೇ ಬೇಕಾದರೆ ಹಿಂಡಿದ ಹಾಲು. ಒಂದು ಸಲಕ್ಕೆ 100ರಿಂದ 150 ಮಿ.ಲೀ., ದಿನಕ್ಕೆ ಆರೆಂಟು ಸಲ. ತಿಂದ ಕೂಡಲೇ ಮಲಗಿಸಬೇಡಿ, ಅರ್ಧ ಗಂಟೆಯಾದರೂ ಕೂರಿಸಿ.

ಪ್ರಶ್ನೆ (ಬ್ರಹ್ಮಾವರ): ಅತ್ತೆಗೆ ಸ್ಟೆಂಟ್ ಹಾಕಿ ಎರಡು ತಿಂಗಳು. ಮತ್ತೆ ವಾಂತಿ ಶುರು. ಪುನಃ ಹಾಕಲಿಕ್ಕೆ ಆಗ್ತದಾ?

ಉತ್ತರ (ಗ್ಯಾಸ್ಟ್ರೋ ವೈದ್ಯರು): ಎಂಡೋಸ್ಕೋಪಿ ಮಾಡಿ ನೋಡಬೇಕು. ಆಹಾರ ಸಿಕ್ಕಿಕೊಂಡಿದ್ದರೆ ತೆಗೆದರೆ ಮುಗಿಯಿತು. ಜಾಲರಿಯ ಕಣ್ಣುಗಳ ಮೂಲಕ ಗಡ್ಡೆ ಒಳಗೆ ಬೆಳೆದಿದ್ದರೆ ಅದರೊಳಗೇ ಇನ್ನೊಂದು ಸ್ಟೆಂಟ್ ಹಾಕಬಹುದು. ಹೊದಿಕೆ ಇರುವ ಸ್ಟೆಂಟಿನಲ್ಲಿ ಗಡ್ಡೆ ಒಳಬರುವುದು ಕಡಿಮೆ, ಆದರೆ ಅದು ಜಾರುವುದು ಹೆಚ್ಚು. ಒಮ್ಮೊಮ್ಮೆ ಸ್ಟೆಂಟ್ ತೆರೆದೇ ಇದ್ದರೂ ಹೊಟ್ಟೆ ತಳ್ಳುವ ಶಕ್ತಿ ಕಳೆದುಕೊಂಡಿರುತ್ತದೆ. ಅಲ್ಲಿ ಎರಡನೆಯದು ಹಾಕಿ ಫಲವಿಲ್ಲ. ಎಂಡೋಸ್ಕೋಪಿ ಆಗುವವರೆಗೆ ಮೆಡಿಕಲಿನಿಂದ ವಾಂತಿಯ ಮದ್ದು ಮೆಟೊಕ್ಲೋಪ್ರಮೈಡ್ ತಂದು ಕೊಡಬೇಡಿ, ಪೂರ್ತಿ ಕಟ್ಟಿದ್ದರೆ ಹೊಟ್ಟೆನೋವು ಹೆಚ್ಚುತ್ತದೆ. ಹಠಾತ್ ಜೋರು ಹೊಟ್ಟೆನೋವು, ರಕ್ತವಾಂತಿ, ಟಾರಿನಂತೆ ಕಪ್ಪು ಮಲ, ಚಳಿಜ್ವರದ ಜೊತೆ ಕಾಮಾಲೆ: ಇವುಗಳಲ್ಲಿ ಒಂದು ಕಂಡರೂ ಅಪಾಯಿಂಟ್‌ಮೆಂಟಿಗೆ ಕಾಯದೆ ನೇರ ಕ್ಯಾಶುವಾಲಿಟಿಗೆ ಕರೆದುಕೊಂಡು ಹೋಗಿ.