ಅಕ್ಕ-ತಮ್ಮ ಇಬ್ಬರೂ ಬಾಲಮಂದಿರದಿಂದ ಫಾಸ್ಟರ್ ಕುಟುಂಬಕ್ಕೆ: ಶಾಲೆ, ಆಸ್ಪತ್ರೆ, ಹಣ, ಭೇಟಿ ಎಲ್ಲವನ್ನೂ ಜೋಡಿಸುವುದು ಹೇಗೆ?

ಹೊಂಗೆನೆರಳು (ಪ್ರಶ್ನೆ):
ಅಕ್ಕನಿಗೆ 10 ವರ್ಷ, ತಮ್ಮನಿಗೆ 7. ಆಕೆ ಬಾಲಕಿಯರ ಬಾಲಮಂದಿರದಲ್ಲಿ, ಅವನು ಬಾಲಕರ ಬಾಲಮಂದಿರದಲ್ಲಿ. ತಾಯಿ ದೀರ್ಘ ಚಿಕಿತ್ಸೆಯಲ್ಲಿದ್ದಾರೆ, ಮಕ್ಕಳನ್ನು ಬಿಟ್ಟುಕೊಟ್ಟಿಲ್ಲ. ಇಬ್ಬರನ್ನೂ ಫಾಸ್ಟರ್ ಕೇರ್‌ನಲ್ಲಿ, ಅಂದರೆ ದತ್ತು ಪಡೆಯದೆ ತಮ್ಮ ಮನೆಯಲ್ಲಿಟ್ಟು ಸಾಕಲು ಮುಂದೆ ಬಂದ ಬೇರೆ ತಾಲ್ಲೂಕಿನ ದಂಪತಿಯ ಮನೆ ಅಧ್ಯಯನ (ಮನೆಯ ಪರಿಸ್ಥಿತಿಯ ಪರಿಶೀಲನೆ) ಮುಗಿದಿದೆ, ಮಕ್ಕಳ ಕಲ್ಯಾಣ ಸಮಿತಿಯ ಆದೇಶ ಬರುವುದಷ್ಟೇ ಬಾಕಿ. ಮಕ್ಕಳು ಆ ಮನೆಗೆ ಹೋದ ಮೇಲೆ ಶಾಲೆ ಒಂದು ಕಡೆ, ಆಸ್ಪತ್ರೆ ಒಂದು ಕಡೆ, ಹಣ ಇನ್ನೊಂದು ಕಡೆ ಎಂದು ಆ ದಂಪತಿ ಅಲೆಯುವಂತಾಗಬಾರದು. ಹೊರಡುವ ಮೊದಲು ಏನೇನು ಕೈಯಲ್ಲಿರಬೇಕು? ಆಮೇಲೆ ಯಾರು ಏನನ್ನು ನೋಡಿಕೊಳ್ಳಬೇಕು?

ಕಡತಕಟ್ಟು:
ಮೇಡಂ, ಆದೇಶ ಇನ್ನೂ ಬಂದಿಲ್ಲ ಎನ್ನುವುದೇ ಒಳ್ಳೆಯದಾಯಿತು. ಫಾಸ್ಟರ್ ಕೇರ್ ಆದೇಶ ಮಕ್ಕಳನ್ನು ಆ ಮನೆಯಲ್ಲಿ ಇರಿಸುತ್ತದೆ. ದಂಪತಿಯನ್ನು ಕಾನೂನಿನ ಪ್ರಕಾರ ತಂದೆ-ತಾಯಿ ಮಾಡುವುದಿಲ್ಲ. ಹಾಗಾಗಿ ಆದೇಶದಲ್ಲೇ ಮೂರು ವಿಷಯ ಬರೆಸಿಕೊಳ್ಳಿ: ಶಾಲೆಗೆ ಸೇರಿಸಲು ಸಹಿ ಯಾರದು, ಚಿಕಿತ್ಸೆಗೆ ಒಪ್ಪಿಗೆ ಯಾರದು, ಜಿಲ್ಲೆ ದಾಟಿ ಕರೆದೊಯ್ಯುವಾಗ ಯಾರಿಗೆ ತಿಳಿಸಬೇಕು. ಇದಿಲ್ಲದಿದ್ದರೆ ಮಗು ಬಿದ್ದು ಕೈ ಮುರಿದುಕೊಂಡ ದಿನ ಶಸ್ತ್ರಚಿಕಿತ್ಸೆಗೆ ಸಹಿ ಹಾಕುವವರಿಲ್ಲದೆ ರಾತ್ರಿ ಹೊತ್ತು ಸಮಿತಿ ಸದಸ್ಯರ ಫೋನ್ ನಂಬರ್ ಹುಡುಕಬೇಕಾಗುತ್ತದೆ.

ನಿಮ್ಮದು ಎರಡು ಸಂಸ್ಥೆಯ ಮಕ್ಕಳು. ಅಂದರೆ ಎರಡು ಕಡತ, ಎರಡು ವೈಯಕ್ತಿಕ ಆರೈಕೆ ಯೋಜನೆ, ಇಬ್ಬರು ಅಧೀಕ್ಷಕರು. ಒಡಹುಟ್ಟಿದವರನ್ನು ಒಟ್ಟಿಗೇ ಇರಿಸಲು ಎಲ್ಲ ಪ್ರಯತ್ನ ಆಗಬೇಕು ಎಂದು ಬಾಲನ್ಯಾಯ ಕಾಯ್ದೆ 2015ರ 44ನೇ ಕಲಮೇ ಹೇಳುತ್ತದೆ. ಆದರೆ ಒಂದು ಆದೇಶ ಈ ವಾರ, ಇನ್ನೊಂದು ಮೂರು ವಾರ ಬಿಟ್ಟು ಬಂದರೆ ಒಬ್ಬರು ಮೊದಲು ಹೋಗಿ ಇನ್ನೊಬ್ಬರು ಅಳುತ್ತಾ ಉಳಿಯುತ್ತಾರೆ. ಎರಡೂ ಪ್ರಕರಣಗಳನ್ನು ಸಮಿತಿಯ ಮುಂದೆ ಒಂದೇ ದಿನ ಇಡಿಸಿ.

ಮಕ್ಕಳ ಜೊತೆಗೇ ಕಾಗದಗಳೂ ಹೋಗಬೇಕು: ಆದೇಶದ ದೃಢೀಕೃತ ಪ್ರತಿ, ನಮೂನೆ 7ರ ಆರೈಕೆ ಯೋಜನೆ, ಆಧಾರ್, ಲಸಿಕೆ ವಿವರ, ವೈದ್ಯಕೀಯ ತಪಾಸಣೆ ವರದಿ, ಶಾಲಾ ದಾಖಲೆ. ಜನನ ಪ್ರಮಾಣಪತ್ರ ಇಲ್ಲದಿದ್ದರೆ ವಯಸ್ಸಿನ ಬಗ್ಗೆ ಸಮಿತಿ ದಾಖಲಿಸಿದ ಆದೇಶ ಸಾಕು, ಬಾಲನ್ಯಾಯ ಕಾಯ್ದೆಯ ಮಟ್ಟಿಗೆ ಅದೇ ನಿಜವಾದ ವಯಸ್ಸು ಎಂದು ಅದರ 94ನೇ ಕಲಂ ಹೇಳುತ್ತದೆ. 7 ವರ್ಷದವನ ಆಧಾರ್ ಬಗ್ಗೆ ವಿಶೇಷ ಎಚ್ಚರ ಬೇಕು. 5 ವರ್ಷ ತುಂಬಿದ ಮೇಲೆ ಬೆರಳಚ್ಚು, ಕಣ್ಣಿನ ಗುರುತು ಕೊಟ್ಟು ನವೀಕರಿಸಬೇಕು. ಸಂಸ್ಥೆಯಲ್ಲಿದ್ದ ಮಕ್ಕಳಿಗೆ ಇದು ಬಹಳ ಸಲ ತಪ್ಪಿಹೋಗಿರುತ್ತದೆ.

ಹಣದ ವಿಷಯ. ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದಡಿ ಮಗುವಿಗೆ ತಿಂಗಳಿಗೆ 4,000 ರೂಪಾಯಿ, ಇಬ್ಬರಿಗೆ 8,000. ಖಾತೆ ತೆರೆದರೆ ಕೆಲಸ ಮುಗಿಯಿತು ಎಂದುಕೊಳ್ಳಬೇಡಿ. ನೇರ ವರ್ಗಾವಣೆಯ ಹಣ ಬರಬೇಕಾದರೆ ಖಾತೆಗೆ ಆಧಾರ್ ಜೋಡಣೆ ಆಗಿ, ಆ ಜೋಡಣೆ ಎನ್‌ಪಿಸಿಐನಲ್ಲೂ (ಬ್ಯಾಂಕುಗಳ ನಡುವೆ ಹಣ ಸಾಗಿಸುವ ರಾಷ್ಟ್ರೀಯ ಪಾವತಿ ನಿಗಮ) ದಾಖಲಾಗಿರಬೇಕು. ಬ್ಯಾಂಕಿನವರು ಮೊದಲನೆಯದನ್ನು ಮಾಡಿ ಎರಡನೆಯದನ್ನು ಬಿಟ್ಟಿರುತ್ತಾರೆ, ಆಮೇಲೆ ತಿಂಗಳುಗಟ್ಟಲೆ ಹಣ ಯಾಕೆ ಬರಲಿಲ್ಲ ಎಂದು ಯಾರಿಗೂ ಗೊತ್ತಾಗುವುದಿಲ್ಲ. ಅನುದಾನ ಬಿಡುಗಡೆ ತಡವಾಗಬಹುದು ಎನ್ನುವುದನ್ನೂ ದಂಪತಿಗೆ ಮೊದಲೇ ಬಾಯಿಬಿಟ್ಟು ಹೇಳಿ. ಕೈಯಿಂದ ಮೂರು ತಿಂಗಳು ನಡೆಸಲು ಆಗುತ್ತದೆಯೇ ಎಂದು ಮನೆ ಅಧ್ಯಯನದಲ್ಲೇ ಕೇಳಿರಬೇಕಿತ್ತು. ಕೇಳಿಲ್ಲದಿದ್ದರೆ ಈಗ ಕೇಳಿ.

ಕಪ್ಪುಹಲಗೆ:
ಶಾಲೆಯ ಕಡೆಯಿಂದ ಎರಡು ಮಾತು. ವರ್ಗಾವಣೆ ಪತ್ರ ಬರಲಿ, ಆಮೇಲೆ ಸೇರಿಸಿಕೊಳ್ಳುತ್ತೇವೆ ಎಂದರೆ ಒಪ್ಪಬೇಡಿ. ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಂ ಪ್ರಕಾರ ಪತ್ರ ತಡವಾಯಿತೆಂದು ದಾಖಲಾತಿ ನಿಲ್ಲಿಸುವಂತಿಲ್ಲ, ಹಳೆಯ ಶಾಲೆ ಪತ್ರವನ್ನು ತಕ್ಷಣ ಕೊಡಬೇಕು. ಸ್ಯಾಟ್ಸ್ ಸಂಖ್ಯೆಯನ್ನು (ರಾಜ್ಯದ ಶಾಲಾ ದಾಖಲೆ ವ್ಯವಸ್ಥೆಯಲ್ಲಿ ಪ್ರತಿ ಮಗುವಿಗಿರುವ ಸಂಖ್ಯೆ) ಮಾತ್ರ ಕೇಳಿ ಬರೆದಿಟ್ಟುಕೊಳ್ಳಿ. ಅದು ಕೈಯಲ್ಲಿಲ್ಲದೆ ಹೊಸದಾಗಿ ದಾಖಲಿಸಿದರೆ ಒಂದೇ ಮಗುವಿಗೆ ಎರಡು ದಾಖಲೆಗಳಾಗಿ ಮುಂದೆ ವಿದ್ಯಾರ್ಥಿವೇತನಕ್ಕೆ ತೊಡಕಾಗುತ್ತದೆ. ದಾಖಲಾತಿ ಪುಸ್ತಕದಲ್ಲಿ ತಂದೆ-ತಾಯಿಯ ಹೆಸರು ಹೆತ್ತವರದ್ದೇ ಇರಲಿ. ಸಾಕುತಂದೆ-ತಾಯಿಯ ಹೆಸರನ್ನು ಸಂಪರ್ಕಕ್ಕೆ ಬರೆಸಿ.

ಮಕ್ಕಳ ಹಿನ್ನೆಲೆಯನ್ನು ಶಾಲೆಗೆಲ್ಲ ಹೇಳುವ ಅಗತ್ಯವಿಲ್ಲ. ಬೆಳಗಿನ ಪ್ರಾರ್ಥನೆಯಲ್ಲಿ ‘ಬಾಲಮಂದಿರದಿಂದ ಬಂದ ಮಕ್ಕಳು’ ಎಂದು ಪರಿಚಯಿಸುವುದು ಆ ಮಕ್ಕಳಿಗೆ ಮಾಡುವ ದೊಡ್ಡ ಅನ್ಯಾಯ. ತರಗತಿಯ ಶಿಕ್ಷಕರಿಗೆ ಮತ್ತು ಮುಖ್ಯೋಪಾಧ್ಯಾಯರಿಗೆ ಗೊತ್ತಿದ್ದರೆ ಸಾಕು.

ಬೆಳದಿಂಗಳು:
ಮಕ್ಕಳ ಮನಸ್ಸಿನ ಕಡೆ ಸ್ವಲ್ಪ. ಇವರಿಬ್ಬರೂ ಒಂದೇ ಸೂರಿನಡಿ ಕೊನೆಯ ಸಲ ಇದ್ದದ್ದು ಯಾವಾಗ? ಬೇರೆ ಬೇರೆ ಬಾಲಮಂದಿರದಲ್ಲಿ ಬೆಳೆದ ಅಕ್ಕ-ತಮ್ಮನಿಗೆ ಒಬ್ಬರಿಗೊಬ್ಬರು ಅಪರಿಚಿತರೇ ಆಗಿರಬಹುದು. ಮನೆಗೆ ಹೋಗುವ ಮೊದಲು ಕನಿಷ್ಠ ಮೂರು ಸಲ ಇಬ್ಬರನ್ನೂ ದಂಪತಿಯ ಜೊತೆ ಕೂರಿಸಿ: ಮೊದಲು ಒಂದು ಗಂಟೆ, ಆಮೇಲೆ ಅರ್ಧ ದಿನ, ಆಮೇಲೆ ಆ ಮನೆಯಲ್ಲೇ ಒಂದು ಊಟ.

ಮೊದಲ ಎರಡು ಮೂರು ವಾರ ಮಕ್ಕಳು ಹೇಳಿದ್ದನ್ನೆಲ್ಲ ಕೇಳುತ್ತಾರೆ. ಇಷ್ಟು ಒಳ್ಳೆಯ ಮಕ್ಕಳು ಎಂದು ಎಲ್ಲರೂ ಹಿಗ್ಗುತ್ತಾರೆ, ಜಿಲ್ಲಾ ಮಕ್ಕಳ ರಕ್ಷಣಾ ಘಟಕದವರ ಭೇಟಿಯೂ ಕಡಿಮೆಯಾಗುತ್ತದೆ. ನಿಜವಾದ ಪರೀಕ್ಷೆ ಶುರುವಾಗುವುದು ಆಮೇಲೆ. ಹಾಸಿಗೆ ಒದ್ದೆ, ಸುಳ್ಳು, ದಿಂಬಿನಡಿ ಚಪಾತಿ ಬಚ್ಚಿಡುವುದು, ‘ನೀವು ನನ್ನ ಅಮ್ಮ ಅಲ್ಲ’ ಎನ್ನುವ ಮಾತು. ತಿಂಡಿ ಬಚ್ಚಿಡುವುದು ಕಳ್ಳತನವಲ್ಲ, ನಾಳೆ ಸಿಗುತ್ತದೋ ಇಲ್ಲವೋ ಎನ್ನುವ ಭಯ. ಮಕ್ಕಳ ಕೈಗೆ ಎಟುಕುವ ಕಡೆ ಒಂದು ಡಬ್ಬಿಯಲ್ಲಿ ಚಿಕ್ಕಿ, ಪುರಿ ಇಡಿ, ಕೇಳದೆ ತೆಗೆದುಕೊಳ್ಳಬಹುದು ಎಂದು ಹೇಳಿ, ಖಾಲಿಯಾದಂತೆ ತುಂಬಿಸಿ. ಗದರಿಸುವುದಕ್ಕಿಂತ ಇದು ಬೇಗ ಕೆಲಸ ಮಾಡುತ್ತದೆ.

‘ಅಪ್ಪ’, ‘ಅಮ್ಮ’ ಎಂದು ಕರೆಯಲು ಒತ್ತಾಯ ಬೇಡ. ಹೆತ್ತ ತಾಯಿ ಇದ್ದಾರೆ. 10 ವರ್ಷದವಳಿಗೆ ಅದು ದ್ರೋಹ ಎನಿಸುತ್ತದೆ. ದೊಡ್ಡಮ್ಮ-ದೊಡ್ಡಪ್ಪ, ಅತ್ತೆ-ಮಾವ, ಅವರಿಗೆ ಯಾವುದು ಬಾಯಿಗೆ ಬರುತ್ತದೋ ಅದು. ತಾಯಿಯ ಭೇಟಿಯಾದ ಮೇಲೆ ಎರಡು ಮೂರು ದಿನ ಮಕ್ಕಳು ರಗಳೆ ಮಾಡುತ್ತಾರೆ. ಅದನ್ನು ನೋಡಿ ‘ಭೇಟಿ ನಿಲ್ಲಿಸಿ’ ಎನ್ನುವ ಸಾಕುತಂದೆ-ತಾಯಿ ಬಹಳ ಜನ. ಭೇಟಿ ಮಕ್ಕಳಿಗೆ ಒಳ್ಳೆಯದೋ ಅಲ್ಲವೋ ಎಂದು ತೀರ್ಮಾನಿಸುವುದು ಸಮಿತಿ, ಆ ಮನೆಯವರಲ್ಲ.

ಹೊಂಗೆನೆರಳು:
ತುಂಬ ಉಪಕಾರವಾಯಿತು. ತಿಂಗಳಿಗೊಂದು ಪರಿಶೀಲನೆ ಸಾಕೇ? ಎಲ್ಲರನ್ನೂ ಒಂದು ವಾಟ್ಸಾಪ್ ಗುಂಪಿಗೆ ಸೇರಿಸೋಣ ಎಂಬ ಸಲಹೆ ಬಂದಿದೆ.

ಕಡತಕಟ್ಟು:
ಗುಂಪು ಬೇಡ. ಮಕ್ಕಳ ಹೆಸರು, ಶಾಲೆ, ಫೋಟೊ ಹೊರಬೀಳುವುದನ್ನು ಬಾಲನ್ಯಾಯ ಕಾಯ್ದೆಯ 74ನೇ ಕಲಂ ತಡೆಯುತ್ತದೆ, ಶಿಕ್ಷೆಯೂ ಇದೆ. ಹತ್ತು ಜನರ ಗುಂಪಿನಿಂದ ಫೋಟೊ ಎಲ್ಲಿಗೆ ಹೋಯಿತು ಎಂದು ಆಮೇಲೆ ಹುಡುಕಲಾಗದು. ಅದರ ಬದಲು ಒಂದು ಹಾಳೆ ಮಾಡಿ: ಕೆಲಸ, ಮಾಡುವವರು, ಮುಗಿಯಬೇಕಾದ ದಿನ. ಮಾಡುವವರ ಜಾಗದಲ್ಲಿ ‘ಆರೋಗ್ಯ ಇಲಾಖೆ’ ಎಂದು ಬರೆಯಬೇಡಿ, ವ್ಯಕ್ತಿಯ ಹೆಸರು ಬರೆಯಿರಿ. ಇಲಾಖೆಯ ಹೆಸರಿದ್ದ ಕೆಲಸ ಯಾರ ಕೆಲಸವೂ ಆಗುವುದಿಲ್ಲ. ಆ ಹಾಳೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಅಸಾಂಸ್ಥಿಕ ಸೇವೆಯ (ಸಂಸ್ಥೆಯ ಹೊರಗೆ, ಮನೆಗಳಲ್ಲಿರುವ ಮಕ್ಕಳನ್ನು ನೋಡಿಕೊಳ್ಳುವ) ರಕ್ಷಣಾಧಿಕಾರಿ ಒಬ್ಬರ ಕೈಯಲ್ಲೇ ಇರಲಿ, ದಂಪತಿಗೂ ಆ ಒಬ್ಬರ ನಂಬರ್ ಸಾಕು. ಗುತ್ತಿಗೆ ನೌಕರರು ಬದಲಾಗುತ್ತಲೇ ಇರುತ್ತಾರೆ, ಹಾಗಾಗಿ ಪ್ರತಿ ಭೇಟಿಯ ಟಿಪ್ಪಣಿ ಅದೇ ದಿನ ಕಡತ ಸೇರಬೇಕು.

ಸಮಿತಿಯ ಮಾಸಿಕ ಪರಿಶೀಲನೆ ಕಾಯ್ದೆಯಲ್ಲೇ ಇದೆ, ಆದರೆ ಆರಂಭಕ್ಕೆ ಅದು ಸಾಲದು. ಮಾರನೆಯ ದಿನ ಫೋನ್, ಮೂರನೆಯ ದಿನ ಭೇಟಿ, ಎಂಟು ವಾರ ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ. ಪ್ರತಿ ಸಲವೂ ಇಬ್ಬರು ಮಕ್ಕಳನ್ನೂ ಒಬ್ಬೊಬ್ಬರಾಗಿ, ದೊಡ್ಡವರು ಪಕ್ಕದಲ್ಲಿಲ್ಲದಾಗ ಮಾತನಾಡಿಸಿ. ಸಾಕುತಾಯಿಯ ಎದುರು ‘ಚೆನ್ನಾಗಿದ್ದೀಯಾ?’ ಎಂದು ಕೇಳಿದರೆ ಬರುವ ಉತ್ತರ ಒಂದೇ. ಮಕ್ಕಳ ಸಹಾಯವಾಣಿ 1098 ನಂಬರನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿ.

ಬೆಳದಿಂಗಳು:
ಒಂದು ಬಿಟ್ಟುಹೋಗಿತ್ತು. ದಂಪತಿಯ ಮನಸ್ಸಿನಲ್ಲಿ ದತ್ತು ಪಡೆಯುವ ಆಸೆ ಇದೆಯೇ ಎಂದು ಈಗಲೇ ತಿಳಿದುಕೊಳ್ಳಿ. ಫಾಸ್ಟರ್ ಕೇರ್ ಬಗೆಗಿನ 2024ರ ಮಾರ್ಗಸೂಚಿಯಂತೆ ಎರಡು ವರ್ಷ ಸಾಕಿದವರು ದತ್ತು ಕೇಳಬಹುದು ನಿಜ. ಆದರೆ ಅದು ದತ್ತಿಗೆ ಕಾನೂನಿನ ಪ್ರಕಾರ ಮುಕ್ತರಾದ ಮಕ್ಕಳಿಗೆ ಮಾತ್ರ. ಈ ಮಕ್ಕಳ ತಾಯಿ ಗುಣವಾಗಿ ಬಂದು, ಮಕ್ಕಳನ್ನು ನೋಡಿಕೊಳ್ಳಬಲ್ಲರು ಎಂದು ಸಮಿತಿ ತೀರ್ಮಾನಿಸಿದರೆ ಮಕ್ಕಳು ಅವರ ಮನೆಗೇ ಹೋಗಬಹುದು, ಅದನ್ನು ಆದೇಶದ ದಿನವೇ ದಂಪತಿಗೆ ತಿಳಿಯುವಂತೆ ಹೇಳಿ.