ವಿಂಡ್‌ಶೀಲ್ಡ್ ಬದಲಿಸಿದರೆ ಹೆಲ್ಮೆಟ್ಟಿನೊಳಗಿನ ಗಾಳಿಸದ್ದು ಕಡಿಮೆಯಾಗುವುದೇ?

ಪ್ರಶ್ನೆ: ಬೆಳಗಾವಿ ಸವಾರ

ನಮಸ್ಕಾರ. ಕೆಲಸದ ನಿಮಿತ್ತ ನಾನು ಬೆಳಗಾವಿಯಿಂದ ಹುಬ್ಬಳ್ಳಿಗೆ ಮೇಲಿಂದ ಮೇಲೆ ಬೈಕಿನಲ್ಲಿಯೇ ಹೋಗಿ ಬರುತ್ತೇನೆ. ಊರೊಳಗೆ ಯಾವ ತೊಂದರೆಯೂ ಇಲ್ಲ. ಆದರೆ ಹಿರೇಬಾಗೇವಾಡಿ ದಾಟಿದ ಮೇಲೆ 48ನೇ ಹೆದ್ದಾರಿಯಲ್ಲಿ ವೇಗವು ಗಂಟೆಗೆ 70 ಕಿ.ಮೀ. ಮುಟ್ಟಿತೆಂದರೆ ಹೆಲ್ಮೆಟ್ಟಿನೊಳಗೆ ಭೋರೆನ್ನುವ ಸದ್ದು ತುಂಬಿಕೊಳ್ಳುತ್ತದೆ. 80ರ ಹತ್ತಿರ ತಲೆಯೂ ಅತ್ತಿತ್ತ ಅಲುಗತೊಡಗುತ್ತದೆ. ಕಿತ್ತೂರು ಬರುವಷ್ಟರಲ್ಲಿ ಕಿವಿ ಗುಂಯ್‌ಗುಡುತ್ತಿರುತ್ತದೆ, ರಾತ್ರಿ ಮಲಗುವಾಗಲೂ ಅದು ಪೂರ್ತಿ ಹೋಗಿರುವುದಿಲ್ಲ.

ನನ್ನ ಎತ್ತರ 5 ಅಡಿ 11 ಅಂಗುಲ. ಬೈಕಿನೊಂದಿಗೇ ಬಂದ ಗಿಡ್ಡ ವಿಂಡ್‌ಶೀಲ್ಡಿನ ಮೇಲಂಚು ನನ್ನ ಎದೆಯ ಮಟ್ಟಕ್ಕೆ ನಿಲ್ಲುತ್ತದೆ. ಹೆಲ್ಮೆಟ್ ಐಎಸ್‌ಐ ಗುರುತಿನದು, ಮುಖ ಪೂರ್ತಿ ಮುಚ್ಚುವಂಥದ್ದು. ಬಿಡಿಭಾಗಗಳ ಅಂಗಡಿಯವರು ಎತ್ತರದ ವಿಂಡ್‌ಶೀಲ್ಡ್ ಹಾಕಿಸಿರಿ ಎನ್ನುತ್ತಾರೆ. ಗೆಳೆಯರೊಬ್ಬರು ಇರುವುದನ್ನೂ ಬಿಚ್ಚಿಬಿಡಿ ಎನ್ನುತ್ತಾರೆ. ದುಡ್ಡು ಹಾಕುವ ಮೊದಲು ಇವೆರಡರಲ್ಲಿ ಯಾವುದು ನನಗೆ ತಕ್ಕುದೆಂದು ತಿಳಿಯುವ ದಾರಿ ಇದ್ದರೆ ದಯವಿಟ್ಟು ತಿಳಿಸಿರಿ.

ಉತ್ತರ: ಗದ್ದನಕೇರಿ ಕ್ರಾಸ್, ಬಾಗಲಕೋಟೆ

ಶರಣು, ಸರ್. ಇಬ್ಬರೂ ಹೇಳಿದ್ದು ಸರಿಯೇ, ಆದರೆ ಬೇರೆ ಬೇರೆ ಎತ್ತರದ ಸವಾರರಿಗೆ. ಮಳೆಗಾಲದ ಹೊಳೆಯ ನೀರು ಬಂಡೆಯನ್ನು ದಾಟಿದ ಕೂಡಲೇ ಹೇಗೆ ಸುಳಿಗಟ್ಟುತ್ತದೆಯೋ ಹಾಗೆಯೇ ಗಾಳಿಯು ವಿಂಡ್‌ಶೀಲ್ಡಿನ ಅಂಚನ್ನು ದಾಟಿದ ಮೇಲೆ ಹರಿದು ಸುಳಿಯಾಗುತ್ತದೆ. ನಿಮ್ಮ ಎತ್ತರಕ್ಕೆ, ಎದೆಯ ಮಟ್ಟದಲ್ಲಿರುವ ಅಂಚಿನಿಂದ ಎದ್ದ ಆ ಸುಳಿ ನೇರವಾಗಿ ಹೆಲ್ಮೆಟ್ಟಿನ ಗದ್ದದ ಭಾಗಕ್ಕೂ ಕುತ್ತಿಗೆಯ ಸುತ್ತಲಿನ ಕೆಳಂಚಿಗೂ ಬಡಿಯುತ್ತಿರಬೇಕು. ತಲೆ ಅಲುಗುವುದು ಇದರ ಸ್ಪಷ್ಟ ಲಕ್ಷಣ, ಏಕೆಂದರೆ ಒಂದೇ ಸಮನೆ ಹರಿದು ಬರುವ ಗಾಳಿಯು ತಲೆಯನ್ನು ಹಿಂದಕ್ಕೆ ತಳ್ಳುತ್ತದೆಯೇ ಹೊರತು ಅಲುಗಿಸುವುದಿಲ್ಲ.

ಖರ್ಚಿಲ್ಲದ ಪರೀಕ್ಷೆಯೊಂದಿದೆ. ವಾಹನಗಳಿಲ್ಲದ, ನೇರವಾದ ರಸ್ತೆಯಲ್ಲಿ 65–70ರ ವೇಗವನ್ನು ಹಿಡಿದು, ಎರಡೂ ಕೈ ಹ್ಯಾಂಡಲ್ ಮೇಲೆಯೇ ಇರುವಂತೆ, ಫುಟ್‌ರೆಸ್ಟಿನ ಮೇಲೆ ಭಾರ ಹಾಕಿ ಸೀಟಿನಿಂದ ತುಸು ಮೇಲೇಳಿರಿ. ಭೋರ್ಗರೆತ ತಗ್ಗಿ, ಸಮನಾದ ‘ಸುಯ್’ ಎಂಬ ಸದ್ದಷ್ಟೇ ಉಳಿದರೆ ನಿಮ್ಮ ತಲೆ ಸುಳಿಯಿಲ್ಲದ ಶುದ್ಧ ಗಾಳಿಗೆ ಬಂದಿದೆ, ಸದ್ದಿನ ಮೂಲ ವಿಂಡ್‌ಶೀಲ್ಡೇ ಎಂದರ್ಥ. ಆಮೇಲೆ ಕುಳಿತು, ರಸ್ತೆಯಿಂದ ಕಣ್ಣು ತೆಗೆಯದೆ, ಸದ್ದು ನಿಲ್ಲುವವರೆಗೆ ನಿಧಾನವಾಗಿ ತಲೆ ತಗ್ಗಿಸುತ್ತ ಹೋಗಿರಿ. ನಾಲ್ಕು ಬೆರಳಿನಷ್ಟು ತಗ್ಗಿದರೆ ಸಾಕೆನಿಸಿದಲ್ಲಿ ಹೆಚ್ಚುಕಡಿಮೆ ಅಷ್ಟೇ ಎತ್ತರ ಸೇರಿಸಿದರೆ ಕೆಲಸವಾಗುತ್ತದೆ. ಟ್ಯಾಂಕಿನ ಮೇಲೆ ಬೋರಲಾದ ಹೊರತು ಸದ್ದು ನಿಲ್ಲದಿದ್ದರೆ ಎತ್ತರಿಸುವ ವಿಚಾರ ಬಿಡಿ. ಅಷ್ಟು ದೊಡ್ಡ ಗಾಜು ಕಣ್ಣಿಗೆ ಅಡ್ಡ ಬರುತ್ತದೆ. ಆಗ ನಿಮ್ಮ ಗೆಳೆಯರ ಮಾತೇ ಸರಿ: ಗಿಡ್ಡದಾದಷ್ಟೂ ಒಳ್ಳೆಯದು, ಸುಳಿಯು ಎದೆಗೆ ಬಡಿದು ತಲೆಗೆ ಶುದ್ಧ ಗಾಳಿ ಸಿಗುತ್ತದೆ.

ಎತ್ತರಿಸಿದರೂ ದೃಷ್ಟಿಯು ಅಂಚಿನ ಮೇಲಿನಿಂದ ಹಾಯಬೇಕು, ಗಾಜಿನ ಮೂಲಕವಲ್ಲ. ರಾತ್ರಿ ಎದುರಿನ ಲಾರಿಯ ಬೆಳಕು ಗೀರು ಬಿದ್ದ ಗಾಜಿನಲ್ಲಿ ಹರಡಿದರೆ ಗುಂಡಿ ಕಾಣುವುದಿಲ್ಲ. ಕಬ್ಬಿನ ಹಂಗಾಮಿನಲ್ಲಿ ಹಿಂದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರುಗಳು ನಮ್ಮ ರಸ್ತೆಗಳಲ್ಲಿ ಎಷ್ಟಿರುತ್ತವೆಂದು ನಿಮಗೆ ಹೇಳಬೇಕಾಗಿಲ್ಲ.

ಉತ್ತರ: ಡೋಣಿ ದಂಡೆ, ವಿಜಯಪುರ

ಮೇಲಿನ ಉತ್ತರವನ್ನು ಒಪ್ಪುತ್ತೇನೆ. ಎತ್ತರದ ಜೊತೆಗೆ ಗಾಜಿನ ಬುಡವನ್ನೂ ನೋಡಬೇಕೆಂಬುದು ನನ್ನ ಸೇರಿಕೆ. ಬುಡದಲ್ಲಿ ಸಂದಿಲ್ಲದೆ ಮುಚ್ಚಿಕೊಂಡಿರುವ ವಿಂಡ್‌ಶೀಲ್ಡಿನ ಹಿಂದೆ ಗಾಳಿಯ ಒತ್ತಡ ಕುಸಿಯುತ್ತದೆ, ಮೇಲಿನಿಂದ ದಾಟಿದ ಗಾಳಿಯು ಆ ಟೊಳ್ಳಿನೊಳಗೆ ನುಗ್ಗಲು ಕೆಳಗೆ ಮಗುಚಿಕೊಳ್ಳುತ್ತದೆ. ಬೋಲ್ಟುಗಳ ಹಿಂದೆ ಬುಷ್ (ಬೋಲ್ಟು ತೂರುವ ಸಣ್ಣ ಕೊಳವೆಯಂಥ ತುಂಡು) ಕೊಟ್ಟು ಗಾಜನ್ನು ಒಂದೆರಡು ಸೆಂಟಿಮೀಟರ್ ಮುಂದಕ್ಕೆ ತಂದರೆ ಕೆಳಗಿನಿಂದಲೂ ಸ್ವಲ್ಪ ಗಾಳಿ ಒಳಬಂದು ಒತ್ತಡ ಸರಿದೂಗುತ್ತದೆ. ಎತ್ತರದ ಗಾಜಿನ ಬೆಲೆಗೆ ಹೋಲಿಸಿದರೆ ಬುಷ್‌ಗಳ ಖರ್ಚು ಏನೂ ಅಲ್ಲ. ಆದ್ದರಿಂದ ಮೊದಲು ಇದನ್ನೇ ಮಾಡಿ ನೋಡಿರಿ. ಬೋಲ್ಟು ಮಾತ್ರ ಆ ಲೆಕ್ಕಕ್ಕೆ ಉದ್ದನೆಯದಾಗಿರಲಿ.

ಎತ್ತರ ಬೇಕೇಬೇಕೆಂದಾದರೆ ಇಡೀ ಗಾಜನ್ನು ಬದಲಿಸುವುದಕ್ಕಿಂತ ಮೇಲಂಚಿಗೆ ಕಚ್ಚಿ ಕೂರುವ, ಕೋನ ಬದಲಿಸಬಹುದಾದ ಡಿಫ್ಲೆಕ್ಟರ್ (ಗಾಳಿಯನ್ನು ತಿರುಗಿಸುವ ಸಣ್ಣ ಗಾಜು) ಮೇಲು. ಒಂದೊಂದೇ ಹಂತ ಬಾಗಿಸುತ್ತ ಓಡಿಸಿ ನೋಡಬಹುದು. ಹೆಲ್ಮೆಟ್ಟಿನ ಗದ್ದದ ಬಳಿ ಉಣ್ಣೆ ದಾರದ ಗೇಣುದ್ದದ ತುಂಡುಗಳನ್ನು ಟೇಪಿನಿಂದ ಅಂಟಿಸಿಕೊಂಡರೆ ಪಕ್ಕದ ಬೈಕಿನಲ್ಲಿ ಹಿಂದೆ ಕುಳಿತವರು ನೋಡಿ ಹೇಳಬಲ್ಲರು: ದಾರ ನೇರವಾಗಿ ಹಿಂದಕ್ಕೆ ಮಲಗಿದ್ದರೆ ಗಾಳಿ ಶುದ್ಧ, ಕುಣಿಯುತ್ತಿದ್ದರೆ ಸುಳಿ.

ಒಂದು ಎಚ್ಚರಿಕೆ. ಗಾಜು ಹ್ಯಾಂಡಲಿಗೆ ಕಟ್ಟುವಂಥದ್ದಾದರೆ ದೊಡ್ಡದನ್ನು ಹಾಕಿಸಬೇಡಿ, ಅಡ್ಡಗಾಳಿ ನೇರವಾಗಿ ಹ್ಯಾಂಡಲನ್ನೇ ತಿರುವುತ್ತದೆ. ಆಷಾಢದಲ್ಲಿ ಕೊಲ್ಹಾರದ ಕೃಷ್ಣಾ ಸೇತುವೆಯ ಮೇಲೆ ಹೋದವರಿಗೆ ಆ ಗಾಳಿಯ ಬಲ ಗೊತ್ತು. ಗಾಜು ಪಾಲಿಕಾರ್ಬೊನೇಟಿನದಾದರೆ ಪೆಟ್ಟು ತಡೆಯುತ್ತದೆ, ಆದರೆ ಪೆಟ್ರೋಲ್ ತಾಗಿದರೆ ಅಥವಾ ಮನೆಯ ಕಿಟಕಿ ಒರೆಸುವ ಅಮೋನಿಯಾ ದ್ರಾವಣ ಹಾಕಿದರೆ ಕೆಡುತ್ತದೆ. ಸಾಬೂನು ನೀರು ಸಾಕು.

ಉತ್ತರ: ಕಿವಿಯ ಕಾಳಜಿ, ಬೆಳಗಾವಿ

ಶ್ರವಣ ತಪಾಸಣೆಯ ಕೆಲಸದಲ್ಲಿರುವುದರಿಂದ ನಿಮ್ಮ ಒಂದು ವಾಕ್ಯದ ಮೇಲೆ ನನ್ನ ಗಮನ ನಿಂತಿತು. ರಾತ್ರಿಯವರೆಗೂ ಉಳಿಯುವ ಗುಂಯ್‌ಗುಡುವಿಕೆಯು ಕಿವಿಗೆ ತಡೆಯಲಾರದಷ್ಟು ಸದ್ದು ಬಿದ್ದಿದೆ ಎಂಬುದರ ಸೂಚನೆ, ಅದನ್ನು ಲಘುವಾಗಿ ಕಾಣಬೇಡಿ. ಹೆದ್ದಾರಿಯ ವೇಗದಲ್ಲಿ ಹೆಲ್ಮೆಟ್ಟಿನೊಳಗಿನ ಸದ್ದು 90 ಡೆಸಿಬೆಲ್ ದಾಟುವುದು ಸಾಮಾನ್ಯ. ವ್ಯಾಪಕವಾಗಿ ಬಳಕೆಯಲ್ಲಿರುವ ಮಿತಿಯ ಪ್ರಕಾರ ದಿನಕ್ಕೆ 85 ಡೆಸಿಬೆಲ್ ಆದರೆ 8 ಗಂಟೆ. ಪ್ರತಿ 3 ಡೆಸಿಬೆಲ್ ಏರಿಕೆಗೆ ಆ ಅವಧಿ ಅರ್ಧವಾಗುತ್ತ ಹೋಗಿ, 94ಕ್ಕೆ ಒಂದೇ ಗಂಟೆ ಉಳಿಯುತ್ತದೆ. ಹುಬ್ಬಳ್ಳಿಯ ದಾರಿ ಅದಕ್ಕಿಂತ ದೊಡ್ಡದು. ಜೊತೆಗೆ ಗಾಳಿಸದ್ದು ವೇಗದ ಸುಮಾರು ಆರನೆಯ ಘಾತದಂತೆ ಏರುವುದರಿಂದ 50ರಿಂದ 75ಕ್ಕೆ ಹೋದರೆ ಹತ್ತು ಡೆಸಿಬೆಲ್‌ನಷ್ಟು ಹೆಚ್ಚುತ್ತದೆ, ಹತ್ತು ಕಿ.ಮೀ. ಇಳಿಸಿದರೂ ಕಿವಿಗೆ ವ್ಯತ್ಯಾಸ ತಿಳಿಯುತ್ತದೆ.

ವಿಂಡ್‌ಶೀಲ್ಡ್ ಎಷ್ಟೇ ಸರಿಪಡಿಸಿದರೂ ಗಾಳಿಸದ್ದು ಪೂರ್ತಿ ಹೋಗುವುದಿಲ್ಲ. ಆದ್ದರಿಂದ ಔಷಧ ಅಂಗಡಿಯಲ್ಲಿ ಸಿಗುವ ಸ್ಪಂಜಿನ ಇಯರ್‌ಪ್ಲಗ್ ಇಂದಿನಿಂದಲೇ ಬಳಸಿರಿ. ಬೆರಳಲ್ಲಿ ಹೊಸೆದು ತೆಳ್ಳಗೆ ಮಾಡಿ, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆದು ಒಳಗಿಟ್ಟು, ಅದು ಅರಳಿ ಕೂರುವವರೆಗೆ ಒತ್ತಿ ಹಿಡಿಯಬೇಕು. ಹಾರ್ನ್ ಕೇಳಿಸಲಾರದೆಂಬ ಅಂಜಿಕೆ ಹಲವರಿಗಿದೆ. ಪ್ಲಗ್ಗು ಗಾಳಿಸದ್ದನ್ನೂ ಹಾರ್ನನ್ನೂ ಒಟ್ಟಿಗೆ ತಗ್ಗಿಸುವುದರಿಂದ ಹೆದ್ದಾರಿಯ ವೇಗದಲ್ಲಿ ಹಾರ್ನ್ ಮುಚ್ಚಿಹೋಗುವುದಿಲ್ಲ. ಊರೊಳಗೆ ಬಂದಾಗ ಮಾತ್ರ ತೆಗೆದುಬಿಡಿ. ಕುತ್ತಿಗೆಯ ಬಳಿಯ ಸಂದನ್ನು ತೆಳುವಾದ ಬಟ್ಟೆಯಿಂದ ಮುಚ್ಚಿಕೊಂಡರೂ ಸದ್ದು ಇಳಿಯುತ್ತದೆ. ಗುಂಯ್‌ಗುಡುವುದು ಮರುದಿನವೂ ಉಳಿದರೆ ಕಿವಿಯ ವೈದ್ಯರನ್ನು ಕಾಣಿರಿ.

ಪ್ರಶ್ನೆ ಕೇಳಿದವರು: ಬೆಳಗಾವಿ ಸವಾರ

ಮೂವರಿಗೂ ಕೃತಜ್ಞತೆಗಳು. ಪರೀಕ್ಷೆ ಮಾಡಿ ನೋಡಿದೆ. ಮೇಲೆದ್ದಾಗ ಭೋರ್ಗರೆತ ನಿಂತಿತು. ಐದಾರು ಬೆರಳು ತಗ್ಗಿದಾಗಲೂ ನಿಂತಿತು. ಪ್ಲಗ್ ಹಾಕಿಕೊಂಡು ಓಡಾಡತೊಡಗಿದ್ದೇನೆ. ಮೊದಲು ಬುಷ್ ಹಾಕಿಸಿ, ಸಾಲದಿದ್ದರೆ ಡಿಫ್ಲೆಕ್ಟರ್ ತರಿಸುವೆ. ಗಾಜು ಚೌಕಟ್ಟಿಗೇ ಕಟ್ಟಿದ್ದು, ಹ್ಯಾಂಡಲಿಗಲ್ಲ.

ಉತ್ತರ: ಡೋಣಿ ದಂಡೆ, ವಿಜಯಪುರ

ಹಾಗಿದ್ದರೆ ನಿಶ್ಚಿಂತೆಯಿಂದ ಮಾಡಿಸಿರಿ, ಸರ್. ಬುಷ್ಷಿಗೂ ಗಾಜಿಗೂ ನಡುವೆ ರಬ್ಬರ್ ವಾಷರ್ ಇರಲಿ. ಬೋಲ್ಟನ್ನು ಅತಿಯಾಗಿ ಬಿಗಿಸಿದರೆ ತೂತಿನ ಸುತ್ತ ಗಾಜು ಸೀಳುತ್ತದೆ. ಮೊದಲ ಸಲ ಹುಬ್ಬಳ್ಳಿ ಮುಟ್ಟಿದ ಮೇಲೆ ಎಲ್ಲ ಬೋಲ್ಟುಗಳನ್ನೂ ಒಮ್ಮೆ ಕೈಯಾಡಿಸಿ ನೋಡಿರಿ.